ಬಿಡಾರದ ಗಾಡಿಗಳ ಕೂಟ
(ಜೆಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’: ಒಂದು ವಿಮರ್ಶೆ)

ಮನೆಯನ್ನು ಬಿಟ್ಟು ಹೊರಟವರ ಕಥೆ ಸಾಹಿತ್ಯಕ್ಕೆ ಹೊಸದಲ್ಲ. ರಾಮನು ಹೊರಟನು, ನಳನು ಹೊರಟನು, ಪಾಂಡವರು ಹೊರಟರು. ಆದರೆ ರಾಮನಿಗೆ ಹದಿನಾಲ್ಕು ವರ್ಷಗಳ ಬಳಿಕ ಹಿಂದಿರುಗಲು ಅಯೋಧ್ಯೆಯಿದ್ದಿತು. ಪಾಂಡವರಿಗೆ ಮರಳಿ ಬಂದು ಕೇಳುವುದಕ್ಕೆ ತಮ್ಮ ಪಾಲೆಂಬುದೊಂದು ಇದ್ದಿತು. ಅವಧಿಯಿದ್ದ ವನವಾಸವನ್ನು ಸಹಿಸಬಹುದು, ಕಾವ್ಯವನ್ನಾಗಿಯೂ ಮಾಡಬಹುದು. ಅವಧಿಯಿಲ್ಲದೆ, ಮರಳುವ ಊರಿಲ್ಲದೆ, ಇದ್ದ ಹಾಸಿಗೆ ಪಾತ್ರೆಗಳನ್ನು ಒಂದು ಮೋಟಾರು ಗಾಡಿಯಲ್ಲಿ ತುಂಬಿಕೊಂಡು, ಅರುವತ್ತು ದಾಟಿದ ವಯಸ್ಸಿನಲ್ಲಿ ದಾರಿ ಹಿಡಿದವರನ್ನು ಏನೆಂದು ಕರೆಯಬೇಕು? ಅವರದು ಪ್ರವಾಸವೆ, ವಲಸೆಯೆ, ವನವಾಸವೆ? ಈ ಪ್ರಶ್ನೆಯ ಬೆನ್ನು ಹತ್ತಿ ಅಮೆರಿಕದ ಪತ್ರಿಕಾಲೇಖಕಿ ಜೆಸಿಕಾ ಬ್ರೂಡರ್ ಅವರು ಬರೆದ ಗ್ರಂಥವೇ 2017ನೆಯ ಇಸವಿಯಲ್ಲಿ ಪ್ರಕಟವಾದ ‘ನೊಮ್ಯಾಡ್‌ಲ್ಯಾಂಡ್’. ಅಲೆಮಾರಿಗಳ ನಾಡು ಎಂದು ಆ ಹೆಸರಿನ ಅರ್ಥ.

ಈ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಕ್ಲೋಯಿ ಝಾವೊ ಅವರು ನಿರ್ದೇಶಿಸಿದ ಚಲಚ್ಚಿತ್ರವು 2020ರಲ್ಲಿ ವೆನಿಸ್ಸಿನ ಉತ್ಸವದ ಸ್ವರ್ಣಸಿಂಹ ಬಹುಮಾನವನ್ನೂ, 2021ರಲ್ಲಿ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನ, ಶ್ರೇಷ್ಠ ನಟಿ ಎಂಬ ಮೂರು ಆಸ್ಕರ್ ಪಾರಿತೋಷಕಗಳನ್ನೂ ಪಡೆಯಿತು. ಚಿತ್ರವನ್ನು ನೋಡಿದವರು ಬಹುಮಂದಿ. ಗ್ರಂಥವನ್ನು ಓದಿದವರು ಅಷ್ಟಿಲ್ಲ. ಓದದೆ ಚಿತ್ರದಿಂದಲೇ ಗ್ರಂಥವನ್ನು ಊಹಿಸಿಕೊಂಡವರು ಅದರ ಮುಖ್ಯಾಂಶವನ್ನು ತಪ್ಪಿಸಿಕೊಂಡಿರುವರೆಂದೇ ಹೇಳಬೇಕು.

ಮೊದಲು ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳುವುದು ಅವಶ್ಯ. ಒಳಗೆ ಮಲಗಲು ಹಲಗೆ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ ಇಟ್ಟುಕೊಂಡು ಮನೆಯಂತೆಯೇ ಬಳಸುವ ಮೋಟಾರು ಗಾಡಿಗೆ ಅಮೆರಿಕದಲ್ಲಿ ಹತ್ತಾರು ಹೆಸರುಗಳಿವೆ. ಕನ್ನಡದಲ್ಲಿ ಅದಕ್ಕೆ ‘ಬಿಡಾರದ ಗಾಡಿ’ ಎಂದರೆ ಸಾಕು. ಬಿಡಾರವೆಂದರೆ ಹೂಡುವುದು, ಕೀಳುವುದು. ಮನೆಯಂತೆ ಅದು ಕಟ್ಟುವುದಲ್ಲ, ಬೀಳುವುದೂ ಅಲ್ಲ. ಬ್ರೂಡರ್ ಅವರು ಕಂಡ ಜನರಾದರೋ ತಮಗೆ ಇಲ್ಲದಿರುವುದು ಗೋಡೆ ಸೂರುಗಳ ಕಟ್ಟಡ ಮಾತ್ರವೇ ಹೊರತು ಬಾಳಿನ ನೆಲೆಯಲ್ಲ ಎಂದು ಒತ್ತಿ ಹೇಳುವವರು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಶಬ್ದಗಳಿರುವುದರಿಂದ ಅವರ ವಾದ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಎರಡಕ್ಕೂ ಮನೆಯೆಂಬುದೇ ಮಾತು. ಮನೆ ಬಿದ್ದಿತೆಂದರೆ ಗೋಡೆ ಬಿದ್ದಿತೋ ಸಂಸಾರ ಕೆಟ್ಟಿತೋ ಸಂದರ್ಭದಿಂದಲೇ ತಿಳಿಯಬೇಕು. ಮುಂದೆ ಈ ಗ್ರಂಥವನ್ನು ಕನ್ನಡಿಸುವವರಿಗೆ ಇದೇ ಮೊದಲ ಎಡವುಗಲ್ಲಾದೀತು.

ಗ್ರಂಥದ ಹುಟ್ಟು 2014ರ ಆಗಸ್ಟಿನಲ್ಲಿ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ ಬಂದ ಒಂದು ದೀರ್ಘ ಲೇಖನದಲ್ಲಿದೆ. ನಿವೃತ್ತಿಯೆಂಬ ಭಾಗ್ಯವು ಅಮೆರಿಕದ ಸಾಮಾನ್ಯ ಜನರಿಗೆ ಮುಗಿದ ಕಥೆಯಾಗುತ್ತಿದೆಯೆಂಬುದು ಅದರ ವಿಷಯ. 2008ರ ಸುಮಾರಿನ ಆರ್ಥಿಕ ಕುಸಿತದಲ್ಲಿ ಮನೆಯ ಮೇಲಿನ ಸಾಲ ತೀರಿಸಲಾರದೆ ಮನೆಯನ್ನೂ, ಕೂಡಿಟ್ಟ ಹಣವನ್ನೂ, ವಯಸ್ಸಿನ ಕಾರಣದಿಂದ ಕೆಲಸವನ್ನೂ ಕಳೆದುಕೊಂಡವರು ಅನೇಕರು. ಅವರಲ್ಲಿ ಕೆಲವರು ಒಂದು ಲೆಕ್ಕವನ್ನು ಹಾಕಿದರು. ಬರುವ ಅಲ್ಪ ವೃದ್ಧಾಪ್ಯ ವೇತನದಲ್ಲಿ ಬಾಡಿಗೆಯನ್ನು ಕೊಟ್ಟು ಉಣ್ಣಲಾಗುವುದಿಲ್ಲ. ಬಾಡಿಗೆಯನ್ನು ಕೊಡದಿದ್ದರೆ ಉಣ್ಣಬಹುದು. ಅಂತೆಯೇ ಹಳೆಯ ಗಾಡಿಯೊಂದನ್ನು ಕೊಂಡು ಅದರಲ್ಲಿಯೇ ವಾಸಿಸುತ್ತ ಋತುವಿಗೆ ತಕ್ಕ ಕೂಲಿಯನ್ನು ಅರಸಿಕೊಂಡು ಊರೂರಿಗೆ ಹೊರಟರು. ಬೇಸಗೆಯಲ್ಲಿ ಸರ್ಕಾರಿ ಅರಣ್ಯಗಳ ತಂಗುದಾಣಗಳಲ್ಲಿ ಮೇಲ್ವಿಚಾರಣೆ, ಶರತ್ಕಾಲದಲ್ಲಿ ಉತ್ತರದ ಪ್ರಾಂತಗಳಲ್ಲಿ ಸಕ್ಕರೆ ಬೀಟಿನ ಕೊಯ್ಲು, ಕ್ರಿಸ್ಮಸ್ಸಿನ ಮುಂಚೆ ಅಮೆಜಾನ್ ಸಂಸ್ಥೆಯ ಉಗ್ರಾಣಗಳಲ್ಲಿ ಸರಕು ಹುಡುಕಿ ಕಟ್ಟುವ ಕೆಲಸ. ಬಿಡಾರದ ಗಾಡಿಯವರನ್ನೇ ನೇಮಿಸಿಕೊಳ್ಳಲು ಆ ಸಂಸ್ಥೆಯು 2008ರಲ್ಲಿ ಒಂದು ಪ್ರತ್ಯೇಕ ಏರ್ಪಾಟನ್ನೇ ಆರಂಭಿಸಿ ಹಲವು ವರ್ಷ ನಡೆಸಿತು. ಅರುವತ್ತು ಎಪ್ಪತ್ತರ ಹೆಂಗಸರು ಸಿಮೆಂಟಿನ ನೆಲದ ಮೇಲೆ ಒಂದು ಪಾಳಿಯಲ್ಲಿ ಹದಿನೈದು ಮೈಲಿಯಷ್ಟು ನಡೆಯುವುದನ್ನೂ, ನೋವಿನ ಮಾತ್ರೆಗಳನ್ನು ಗೋಡೆಗೆ ಹಾಕಿದ ಪೆಟ್ಟಿಗೆಯಿಂದ ಪುಕ್ಕಟೆಯಾಗಿ ತೆಗೆದುಕೊಳ್ಳುವುದನ್ನೂ ಬ್ರೂಡರ್ ವರ್ಣಿಸುವಾಗ ಕಣ್ಣೀರನ್ನು ಬೇಡುವುದಿಲ್ಲ. ಮಾತ್ರೆಯ ಪೆಟ್ಟಿಗೆಯನ್ನು ತೋರಿಸಿ ಸುಮ್ಮನಾಗುತ್ತಾರೆ. ಅದೇ ಸಾಕಾಗುತ್ತದೆ.

ಗ್ರಂಥದ ನಾಯಿಕೆ ಲಿಂಡಾ ಮೇ ಎಂಬ ಅರುವತ್ತನಾಲ್ಕು ವರ್ಷದ ಅಜ್ಜಿ. ಲಾರಿ ನಡೆಸುವುದು, ಪಾನಗೃಹದಲ್ಲಿ ಬಡಿಸುವುದು, ಕಟ್ಟಡಗಳ ತಪಾಸಣೆ, ನೆಲಹಾಸಿನ ಅಂಗಡಿ ಮೊದಲಾದ ಎಷ್ಟೋ ಕಸುಬುಗಳಲ್ಲಿ ಜೀವಮಾನವೆಲ್ಲ ದುಡಿದ ಬಳಿಕ ತಿಂಗಳಿಗೆ 500 ಡಾಲರಿಗೆ ಸ್ವಲ್ಪ ಮೇಲ್ಪಟ್ಟ ವೇತನ ಬರುವುದೆಂದು ತಿಳಿದಾಗ ಆಕೆ ಜೀವವನ್ನೇ ತೊರೆಯುವ ಯೋಚನೆಯ ಅಂಚಿನವರೆಗೆ ಹೋಗಿ ಹಿಂದಿರುಗಿದವಳು. ಮಗಳ ಸಂಸಾರದ ಇಕ್ಕಟ್ಟಾದ ಮನೆಯಲ್ಲಿ ಕೆಲವು ಕಾಲ ಇದ್ದು ಕೊನೆಗೆ ಹತ್ತಡಿ ಉದ್ದದ, 1974ರಲ್ಲಿ ತಯಾರಾದ ಒಂದು ಪುಟ್ಟ ಹಿಂಬಂಡಿಯನ್ನು ಕೊಂಡು ತನ್ನ ಜೀಪಿಗೆ ಕಟ್ಟಿಕೊಂಡಳು. ಅದಕ್ಕೆ ಆಕೆ ಇಟ್ಟ ಹೆಸರು ‘ಸ್ಕ್ವೀಜ಼್ ಇನ್’. ಮೈಯನ್ನು ತುರುಕಿಕೊಂಡು ನುಗ್ಗುವುದೆಂಬ ಅರ್ಥದ ಜೊತೆಗೆ ಛತ್ರವೆಂಬ ಶ್ಲೇಷೆಯೂ ಆ ಹೆಸರಿನಲ್ಲಿದೆ. ಗ್ರಂಥವು ಆರಂಭವಾಗುವುದು ಈ ಛತ್ರವನ್ನು ಎಳೆದುಕೊಂಡು ಆಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬೆಟ್ಟವನ್ನು ಹತ್ತುವ ದೃಶ್ಯದಿಂದ. ಮೇಲೆ ಅರಣ್ಯದಲ್ಲಿ ಗಂಟೆಗೆ 9 ಡಾಲರು 35 ಸೆಂಟಿನ ಕೂಲಿ ಕಾದಿದೆ. ಪ್ರವಾಸಕಥನಗಳ ವಾಡಿಕೆಯಂತೆ ತಿರುವು, ಪ್ರಪಾತ, ಮಲೆಯ ಸೊಬಗು ಎಲ್ಲವೂ ಆ ದೃಶ್ಯದಲ್ಲಿವೆ. ಹೋಗುತ್ತಿರುವುದು ಮಾತ್ರ ಕೂಲಿಗೆ.

ಇಷ್ಟು ಹೇಳಿದರೆ ಇದು ದಾರಿದ್ರ್ಯದ ವರದಿಯೆಂದು ತೋರಬಹುದು. ಗ್ರಂಥವನ್ನು ವರದಿಯ ಮಟ್ಟದಿಂದ ಮೇಲೆತ್ತಿರುವುದು ಅದರ ನಡುವಿನಲ್ಲಿ ಬರುವ ಕೂಟದ ವರ್ಣನೆ. ಆರಿಜೋ಼ನಾ ಪ್ರಾಂತದ ಮರುಭೂಮಿಯಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಸಣ್ಣ ಊರಿದೆ. 2010ರ ಜನಗಣತಿಯಂತೆ ಅಲ್ಲಿಯ ನಿವಾಸಿಗಳು 3,677 ಮಂದಿ. ಚಳಿಗಾಲ ಬಂದಿತೆಂದರೆ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವ ಬಿಡಾರದ ಗಾಡಿಗಳು ಊರಿನ ಸುತ್ತಲ ಬಯಲನ್ನೆಲ್ಲ ತುಂಬುವುವು. ಸುತ್ತಲಿನ ನೆಲ ಸರ್ಕಾರದ್ದು. ಕೆಲವೆಡೆ 14 ದಿನಗಳವರೆಗೆ ಯಾರು ಬೇಕಾದರೂ ಕಾಸಿಲ್ಲದೆ ತಂಗಬಹುದು. ಚಳಿಗಾಲ ಪೂರ್ತಿ ನಿಲ್ಲಬೇಕೆಂದರೆ ಬೇರೊಂದು ಭಾಗದಲ್ಲಿ, ಗ್ರಂಥದ ಕಾಲದಲ್ಲಿ, 180 ಡಾಲರುಗಳ ರಹದಾರಿ. ಲಕ್ಷಗಟ್ಟಲೆ ಬೆಲೆಯ ಗಾಡಿಯಲ್ಲಿ ವಿಹಾರಕ್ಕೆ ಬಂದ ಸಿರಿವಂತರೂ ತುಕ್ಕುಹಿಡಿದ ಗಾಡಿಯಲ್ಲಿ ಬದುಕುವವರೂ ಒಂದೇ ಬಯಲಿನಲ್ಲಿ ಬಿಡಾರ ಹೂಡುವುದುಂಟು. ಆ ಊರಿನ ಹಳೆಯ ಸ್ಮಶಾನದಲ್ಲಿ ಕಲ್ಲಿನ ಗೋಪುರವೊಂದಿದೆ. ತುದಿಯಲ್ಲಿ ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯವು ಮರುಭೂಮಿಯನ್ನು ದಾಟಲು ಒಂಟೆಗಳನ್ನು ತರಿಸಿದಾಗ ಅವುಗಳೊಂದಿಗೆ ಬಂದು, ಪ್ರಯೋಗ ಕೈಬಿಟ್ಟ ಮೇಲೂ ಅಲ್ಲಿಯೇ ಅಲೆದು, 1902ರಲ್ಲಿ ತೀರಿಕೊಂಡ ಹಾಜಿ ಅಲಿ ಎಂಬ ಪೂರ್ವದೇಶದ ಒಂಟೆಯವನ ಸಮಾಧಿ ಅದು. ಅಲೆಮಾರಿಗಳು ಸೇರುವ ಊರಿಗೆ ಅದಕ್ಕಿಂತ ತಕ್ಕ ಗ್ರಾಮದೇವತೆ ಸಿಕ್ಕಲಾರದು.

ಇದೇ ಬಯಲಿನಲ್ಲಿ ಜನವರಿಯಲ್ಲಿ ನಡೆಯುವುದು ‘ರಬ್ಬರ್ ಟ್ರ್ಯಾಂಪ್ ರಾಂಡೆವೂ’, ಅಂದರೆ ರಬ್ಬರು ಚಕ್ರದ ಅಲೆಮಾರಿಗಳ ಸಮಾಗಮ. ಇದನ್ನು 2010ರ ಸುಮಾರಿನಲ್ಲಿ ಆರಂಭಿಸಿದವರು ಬಾಬ್ ವೆಲ್ಸ್. ಅಲಾಸ್ಕಾದ ಆ್ಯಂಕರೇಜ್ ನಗರದಲ್ಲಿ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಇವರು ವಿವಾಹವಿಚ್ಛೇದನದ ಬಳಿಕ ಎರಡು ಕಡೆಯ ಖರ್ಚನ್ನು ಪೂರೈಸಲಾರದೆ 1995ರಲ್ಲಿ ಒಂದು ಹಳೆಯ ಪೆಟ್ಟಿಗೆಗಾಡಿಯಲ್ಲಿ ಮಲಗಲು ತೊಡಗಿದರು. ಮೊದಮೊದಲು ಅತ್ತರಂತೆ, ಕ್ರಮೇಣ ಅದರಲ್ಲಿ ಬಿಡುಗಡೆಯನ್ನು ಕಂಡರು, 2005ರಿಂದ ಇತರರಿಗೂ ಬರೆದು ತಿಳಿಸಲಾರಂಭಿಸಿದರು. ಮೊದಲಲ್ಲಿ ಕೆಲವು ಹತ್ತು ಗಾಡಿಗಳು ಸೇರುತ್ತಿದ್ದ ಕೂಟಕ್ಕೆ ಮುಂದೆ ಸಾವಿರಾರು ಮಂದಿ ಬರತೊಡಗಿದರು. ಹೆಸರಿಗೆ ಮಾದರಿಯಾದದ್ದು ಹಳೆಯ ಬೇಟೆಗಾರರ ಸಂತೆ: 1825ರಿಂದ 1840ರವರೆಗೆ ರಾಕಿ ಪರ್ವತಗಳಲ್ಲಿ ವರ್ಷವೆಲ್ಲ ಒಂಟಿಯಾಗಿ ತುಪ್ಪಳಕ್ಕಾಗಿ ಪ್ರಾಣಿಗಳನ್ನು ಹಿಡಿಯುತ್ತಿದ್ದವರು ಬೇಸಗೆಯಲ್ಲೊಮ್ಮೆ ಒಂದು ಕಣಿವೆಯಲ್ಲಿ ಕಲೆಯುತ್ತಿದ್ದರು. ಮೋಟಾರು ಬಂದ ಮೇಲೂ ಇಂಥ ಕೂಟಗಳಿಗೆ ಕೊರತೆಯಿಲ್ಲ. 1919ರಲ್ಲಿಯೇ ಫ್ಲಾರಿಡಾದ ಟ್ಯಾಂಪಾದಲ್ಲಿ ‘ತಗಡಿನ ಡಬ್ಬಿಯ ಪ್ರವಾಸಿಗರು’ ಎಂಬ ಸಂಘ ಏರ್ಪಟ್ಟು, ಸದಸ್ಯರು ಗಾಡಿಯ ಮುಂಭಾಗಕ್ಕೆ ತಗಡಿನ ಡಬ್ಬಿಯೊಂದನ್ನು ಬೆಸೆದುಕೊಂಡು ತಮ್ಮವರ ಗುರುತನ್ನು ಹಿಡಿಯುತ್ತಿದ್ದರು. ಆದರೆ ಅವರಿಗೆ ಚಳಿಗಾಲ ಕಳೆದ ಮೇಲೆ ಬಾಗಿಲು ತೆರೆಯಲು ಊರಿನಲ್ಲಿ ಮನೆಯಿದ್ದಿತು.

ಬ್ರೂಡರ್ ಅವರ ಲೇಖನಿಯ ಶಕ್ತಿ ಕಾಣಬರುವುದು ಈ ಕೂಟದ ದೈನಂದಿನ ವಿವರಗಳಲ್ಲಿ. ಬೆಳಗ್ಗೆ ಬಯಲಿನಲ್ಲಿ ಕುರ್ಚಿಗಳನ್ನು ಹಾಕಿಕೊಂಡು ಕುಳಿತವರಿಗೆ ಪಾಠಗಳು ನಡೆಯುತ್ತವೆ. ಪಾಠದ ವಿಷಯವಾದರೂ ಎಂಥದು? ಊರೊಳಗೆ ಯಾರ ಕಣ್ಣಿಗೂ ಬೀಳದಂತೆ ಗಾಡಿಯನ್ನು ನಿಲ್ಲಿಸಿ ರಾತ್ರಿ ಕಳೆಯುವುದು ಹೇಗೆ. ಪೋಲೀಸರು ಬಾಗಿಲು ತಟ್ಟಿದರೆ ಏನು ಹೇಳಬೇಕು. ವಿಳಾಸವೇ ಇಲ್ಲದವನಿಗೆ ಟಪಾಲು ಬರುವುದೆಂತು. ಶೌಚಕ್ಕೆ ಬಕೆಟ್ಟನ್ನು ಬಳಸುವ ಕ್ರಮವೇನು. ಹಲ್ಲು ಕಟ್ಟಿಸಲು ಗಡಿಯಾಚೆ ಮೆಕ್ಸಿಕೋದ ಯಾವ ಊರು ಅಗ್ಗ. ಒಬ್ಬರಿಗೆ ಬೇಡವಾದ ಕಂಬಳಿ, ಪಾತ್ರೆ, ಪುಸ್ತಕಗಳನ್ನು ಒಂದೆಡೆ ರಾಶಿ ಹಾಕುತ್ತಾರೆ. ಬೇಕಾದವರು ಕೇಳದೆ ಒಯ್ಯಬಹುದು. ಸಂಜೆ ಬೆಂಕಿಯ ಸುತ್ತ ಎಲ್ಲರೂ ಕೂಡುತ್ತಾರೆ. ಗಾಡಿಯನ್ನು ರಿಪೇರಿ ಮಾಡಬಲ್ಲವನು ಮಾಡಿಕೊಡುತ್ತಾನೆ. ಕ್ಷೌರ ಬಲ್ಲವಳು ಕೂದಲು ಕತ್ತರಿಸಿಕೊಡುತ್ತಾಳೆ. ಇಂಥ ವಿವರಗಳನ್ನು ಕ್ಷುಲ್ಲಕವೆಂದು ತಳ್ಳುವ ವಿಮರ್ಶಕರಿರಬಹುದು. ವಾಸ್ತವವಾಗಿ ಈ ಗ್ರಂಥದ ರಸವಿರುವುದು ಇವುಗಳಲ್ಲಿಯೇ. ನಾಚಿಕೆಯೆಂದು ಪ್ರತಿಯೊಬ್ಬನೂ ತನ್ನ ಗಾಡಿಯ ಪರದೆಯ ಹಿಂದೆ ಬಚ್ಚಿಟ್ಟುಕೊಂಡಿದ್ದ ಸಂಗತಿಯು ನೂರು ಜನರ ನಡುವೆ ಬಿಸಿಲಿನಲ್ಲಿ ಗಟ್ಟಿಯಾಗಿ ಚರ್ಚಿಸತಕ್ಕ ವಿದ್ಯೆಯಾಗಿಬಿಡುತ್ತದೆ. ಬಕೆಟ್ಟಿನ ಪಾಠವನ್ನು ಕೇಳಿ ನಕ್ಕವರು ಮಾರನೆಯ ದಿನ ತಲೆಯೆತ್ತಿ ನಡೆಯುತ್ತಾರೆ. ಇದನ್ನು ಲೇಖಕಿ ಎಲ್ಲಿಯೂ ಬಾಯಿಬಿಟ್ಟು ವಿವರಿಸದಿರುವುದು ಅವರ ಸಂಯಮಕ್ಕೆ ಸಾಕ್ಷಿ.

14 ದಿನ ಮುಗಿದೊಡನೆ ಕಾನೂನಿನಂತೆ ಎಲ್ಲರೂ ಚದುರಬೇಕು. ಹಿಂದಿನ ದಿನ ಊರಿನಂತಿದ್ದ ಬಯಲು ಬರಿಯ ಬಯಲಾಗುತ್ತದೆ. ಬೂದಿಯನ್ನೂ ಕೆದಕಿ ಮುಚ್ಚಿ ಹೊರಡುತ್ತಾರೆ. ಜಾತ್ರೆ ಮುಗಿದ ಮರುದಿನ ರಥಬೀದಿಯನ್ನು ನೋಡಿದವರಿಗೆ ಆ ಬರಿದು ಎಂಥದೆಂದು ಗೊತ್ತು. ಆದರೆ ಜಾತ್ರೆಯವರು ಹೋಗುವುದು ಮನೆಗೆ.

ಅಮೆರಿಕದ ಸಾಹಿತ್ಯದಲ್ಲಿ ಈ ವಿಷಯಕ್ಕೆ ಹಿರಿಯನೆನಿಸಿದವನು ಜಾನ್ ಸ್ಟೈನ್‌ಬೆಕ್. ಬ್ರೂಡರ್ ಅವರ ಗ್ರಂಥವನ್ನು ಅವನ ಎರಡು ಕೃತಿಗಳ ನಡುವೆ ಇಟ್ಟು ನೋಡಿದರೆ ಅದರ ಹಿರಿಮೆಯೂ ಕೊರತೆಯೂ ಒಟ್ಟಿಗೆ ಗೋಚರಿಸುವುವು.

1960ರ ಸೆಪ್ಟೆಂಬರಿನಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಸ್ಟೈನ್‌ಬೆಕ್ಕನು ಬಿಡಾರವನ್ನು ಹೊತ್ತ ಒಂದು ಟ್ರಕ್ಕನ್ನು ಮಾಡಿಸಿಕೊಂಡು, ಅದಕ್ಕೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರಾದ ರೊಸಿನಾಂಟೆ ಎಂಬುದನ್ನಿಟ್ಟು, ಚಾರ್ಲಿಯೆಂಬ ತನ್ನ ನಾಯಿಯೊಂದಿಗೆ ದೇಶವನ್ನು ಸುತ್ತಲು ಹೊರಟನು. ಸುಮಾರು 10,000 ಮೈಲಿಗಳ ಆ ಸಂಚಾರದ ಕಥೆಯೇ 1962ರಲ್ಲಿ ಪ್ರಕಟವಾದ ‘ಟ್ರಾವಲ್ಸ್ ವಿತ್ ಚಾರ್ಲಿ’. ಮೇಯ್ನ್ ಪ್ರಾಂತದಲ್ಲಿ ಆಲೂಗಡ್ಡೆ ಕೀಳಲು ಬಂದ ಕೆನಡಾದ ವಲಸೆಯ ಕುಟುಂಬವೊಂದನ್ನು ಅವನು ತನ್ನ ಗಾಡಿಗೆ ಕರೆದು ಸತ್ಕರಿಸುವ ಪ್ರಸಂಗ ಅದರಲ್ಲಿ ಬಹು ಸೊಗಸಾಗಿದೆ. ಚಕ್ರದ ಮೇಲಿನ ಮನೆಗಳಲ್ಲಿ ವಾಸಿಸುವ ಸಂಸಾರವೊಂದನ್ನು ಕಂಡು, ಬೇರಿಲ್ಲದೆ ಬದುಕುವುದು ಹೇಗೆಂದು ಅವನು ಕೇಳಿದಾಗ, ಮನೆಯ ಯಜಮಾನನು ತನ್ನ ಪೂರ್ವಿಕರು ಇಟಲಿಯ ಒಂದೇ ಮನೆಯಲ್ಲಿ ತಲೆತಲಾಂತರಗಳಿಂದ ಬೇರು ಬಿಟ್ಟುಕೊಂಡಿದ್ದು ಸಾಧಿಸಿದ್ದೇನೆಂದು ತಿರುಗಿ ಕೇಳುತ್ತಾನೆ. ಈ ಮರುಪ್ರಶ್ನೆ ಬ್ರೂಡರ್ ಅವರ ಪಾತ್ರಗಳ ಬಾಯಿಯಲ್ಲಿಯೂ ಸಲ್ಲುವಂಥದು.

ಅರ್ಧ ಶತಮಾನದ ಮೇಲೆ, 2010ರಲ್ಲಿ, ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಿಕಾಲೇಖಕನು ಅದೇ ದಾರಿಯಲ್ಲಿ ಸಂಚರಿಸಿ, ಕಾಗದಪತ್ರಗಳನ್ನು ಪರಿಶೀಲಿಸಿ, ಸ್ಟೈನ್‌ಬೆಕ್ಕನು ಅನೇಕ ರಾತ್ರಿಗಳನ್ನು ಗಾಡಿಯಲ್ಲಿ ಅಲ್ಲ, ಹೋಟೆಲುಗಳಲ್ಲಿ ಕಳೆದನೆಂದೂ, ಬಹು ದಿನ ಪತ್ನಿಯೂ ಜೊತೆಗಿದ್ದಳೆಂದೂ, ಕೆಲವು ಸಂಭಾಷಣೆಗಳು ಕಲ್ಪಿತವಿರಬೇಕೆಂದೂ ವಾದಿಸಿದನು. 2012ರಲ್ಲಿ ಹೊರಬಂದ ಐವತ್ತನೆಯ ವರ್ಷದ ಮುದ್ರಣದ ಮುನ್ನುಡಿಯಲ್ಲಿ ಜೇ ಪ್ಯಾರಿನಿ ಅವರೂ ಈ ಕೃತಿಯನ್ನು ಅಕ್ಷರಶಃ ನಂಬಬಾರದೆಂದು ವಾಚಕರನ್ನು ಎಚ್ಚರಿಸಬೇಕಾಯಿತು. ಮಹಾಲೇಖಕನೊಬ್ಬನು ಹೋಟೆಲಿನಲ್ಲಿ ಮಲಗಿದನೆಂಬುದು ಅಪರಾಧವಲ್ಲ. ಕಾದಂಬರಿಕಾರನು ಸಂಭಾಷಣೆಯನ್ನು ತಿದ್ದಿಕೊಂಡರೆ ಅದನ್ನೂ ಕ್ಷಮಿಸಬಹುದು. ಆದರೆ ಹಾಸಿಗೆಯ ಮೇಲೆ ಮಲಗಿ ಎದ್ದವನು ಹಲಗೆಯ ಮೇಲೆ ಮಲಗಿದವರ ಸಂಗಡಿಗನೆಂದು ಹೇಳಿಕೊಂಡಾಗ ವಾಚಕನ ವಿಶ್ವಾಸಕ್ಕೆ ಪೆಟ್ಟು ಬೀಳುತ್ತದೆ. ಪ್ರವಾಸಕಥನವು ನಿಂತಿರುವುದೇ ಆ ವಿಶ್ವಾಸದ ಮೇಲೆ.

ಬ್ರೂಡರ್ ಅವರು ಗೆಲ್ಲುವುದು ಇಲ್ಲಿ. ಅವರೂ ಒಂದು ಹಳೆಯ ವ್ಯಾನನ್ನು ಕೊಂಡು, ಅದರಲ್ಲಿ ಮಲಗಲು ಕಲಿತು, ಒಟ್ಟು ಮೂರು ವರ್ಷಗಳ ಅವಧಿಯಲ್ಲಿ 15,000 ಮೈಲಿಗಳನ್ನು ಮೀರಿ ಸಂಚರಿಸಿದರು. ಬೀಟಿನ ಹೊಲದಲ್ಲಿಯೂ ಉಗ್ರಾಣದಲ್ಲಿಯೂ ಕೆಲವು ದಿನ ಕೂಲಿಯನ್ನೂ ಮಾಡಿದರು. ಆದರೆ ತಮಗೆ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹಿಂದಿರುಗಲು ಮನೆಯಿದೆಯೆಂಬುದನ್ನೂ, ಬೇಸರವಾದಾಗ ಕೆಲಸವನ್ನು ಬಿಟ್ಟು ಹೊರಟೆನೆಂಬುದನ್ನೂ, ಲಿಂಡಾಗೆ ಆ ಸೌಕರ್ಯವಿರಲಿಲ್ಲವೆಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಕೂಟದವರು ಲೇಖಕಿಯನ್ನು ತಮ್ಮವಳೆಂದು ಬೆಂಕಿಯ ಬಳಿ ಕುಳ್ಳಿರಿಸಿಕೊಂಡಾಗಲೂ ಈ ಅಂತರದ ಎಚ್ಚರ ತಪ್ಪುವುದಿಲ್ಲ. ಕುತೂಹಲವೇನೆಂದರೆ, ಅಂತರವನ್ನು ಒಪ್ಪಿಕೊಂಡ ಲೇಖಕಿ ಆ ಜನರಿಗೆ ಹೆಚ್ಚು ಹತ್ತಿರವಾಗಿ ಕಾಣುತ್ತಾರೆ. ಅಂತರವೇ ಇಲ್ಲವೆಂದು ನಟಿಸಿದ ಸ್ಟೈನ್‌ಬೆಕ್ಕನು, ಬರಹದ ಸೊಗಸಿನಲ್ಲಿ ಅವರಿಗಿಂತ ಎಷ್ಟೋ ಮಿಗಿಲಾದವನಾಗಿಯೂ, ಈ ಕೃತಿಯಲ್ಲಿ ಅತಿಥಿಯಾಗಿಯೇ ಉಳಿಯುತ್ತಾನೆ.

ಆದರೆ ಅದೇ ಸ್ಟೈನ್‌ಬೆಕ್ಕನು 1939ರಲ್ಲಿ ಬರೆದ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ಮುಂದೆ ಈ ಗ್ರಂಥವನ್ನು ಹಿಡಿದರೆ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. ಒಕ್ಲಹೋಮಾದಿಂದ ನೆಲವನ್ನು ಕಳೆದುಕೊಂಡು ಮೋಟಾರುಗಳಲ್ಲಿ ಪಶ್ಚಿಮಕ್ಕೆ ಹೊರಟ ರೈತಕುಟುಂಬಗಳು ರಾತ್ರಿ ದಾರಿಯ ಪಕ್ಕದಲ್ಲಿ ಒಂದೆಡೆ ತಂಗುವ ವರ್ಣನೆ ಅದರ ಹದಿನೇಳನೆಯ ಅಧ್ಯಾಯ. ಇಪ್ಪತ್ತು ಸಂಸಾರಗಳು ರಾತ್ರಿಯಾಗುತ್ತಲೇ ಒಂದು ಸಂಸಾರವಾಗುವುದು, ಒಬ್ಬರ ಮಗುವಿನ ಕಾಯಿಲೆ ಎಲ್ಲರ ಕಾಯಿಲೆಯಾಗುವುದು, ಯಾರೂ ಬರೆಯದ ಕಟ್ಟಳೆಗಳು ತಾವಾಗಿ ಹುಟ್ಟುವುದು, ಬೆಳಗಾಗುತ್ತಲೇ ಎಲ್ಲವೂ ಕರಗುವುದು. ಕ್ವಾರ್ಟ್ಜ್‌ಸೈಟಿನ ಕೂಟದ ಪೂರ್ವಜನನ್ನು ಹುಡುಕಬೇಕಾದದ್ದು ಬೇಟೆಗಾರರ ಸಂತೆಯಲ್ಲಲ್ಲ, ಈ ಅಧ್ಯಾಯದಲ್ಲಿ. ಕಾದಂಬರಿಯು ಅಲ್ಲಿಗೆ ನಿಲ್ಲುವುದಿಲ್ಲ. ಮುಂದೆ ಸರ್ಕಾರಿ ಶಿಬಿರದಲ್ಲಿ ಆ ಜನ ಸಮಿತಿಗಳನ್ನು ಮಾಡಿಕೊಳ್ಳುತ್ತಾರೆ; ಕೂಲಿಯ ಮಾತನ್ನೆತ್ತುತ್ತಾರೆ; ಮುಷ್ಕರದ ನೆರಳು ಬೀಳುತ್ತದೆ. ಸೇರಿದವರು ಏನನ್ನೋ ಕೇಳುತ್ತಾರೆ.

ಬಾಬ್ ವೆಲ್ಸರ ಕೂಟದವರು ಯಾರನ್ನೂ ಏನನ್ನೂ ಕೇಳುವುದಿಲ್ಲ. ದುಡಿದರೆ ಮುಪ್ಪಿನಲ್ಲಿ ನೆಮ್ಮದಿಯೆಂದು ಸಮಾಜವು ಕೊಟ್ಟ ಮಾತು ಮುರಿದುಬಿದ್ದಿದೆ; ಇನ್ನು ಅದನ್ನು ನೆಚ್ಚಬೇಡಿ, ಕಡಿಮೆಯಲ್ಲಿ ಬಾಳಲು ಕಲಿಯಿರಿ, ಒಬ್ಬರಿಗೊಬ್ಬರು ಆಸರೆಯಾಗಿ: ಇದು ವೆಲ್ಸರ ಉಪದೇಶದ ತಿರುಳು. ವೈರಾಗ್ಯದ ದೃಷ್ಟಿಯಿಂದ ಇದರಲ್ಲಿ ದೊಡ್ಡತನವಿದೆ. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿಯಬೇಕೆಂಬ ಮಾತಿನೊಂದಿಗೆ ಬೆಳೆದ ಕನ್ನಡ ವಾಚಕರಿಗೆ ಇದು ಕಿವಿಗಿಂಪಾಗಿಯೂ ಕೇಳಿಸಬಹುದು. ಆದರೆ ತಾನಾಗಿ ಬಿಟ್ಟ ಸ್ಥಾವರವೂ ಸಾಲಕ್ಕೆ ಜಪ್ತಿಯಾದ ಸ್ಥಾವರವೂ ಒಂದೆ? ಗಂಟೆಗೆ ಇಷ್ಟೆಂಬ ಕೂಲಿಗೆ ಮುದುಕರು ಮರುಮಾತಿಲ್ಲದೆ ಬರುತ್ತಾರೆ, ಬಾಡಿಗೆ ಮನೆಯ ಗೊಡವೆಯಿಲ್ಲದೆ ತಮ್ಮ ಗಾಡಿಯಲ್ಲಿಯೇ ಇದ್ದು, ಹಂಗಾಮು ಮುಗಿದೊಡನೆ ತಾವಾಗಿ ಹೊರಟುಹೋಗುತ್ತಾರೆಂದರೆ, ಈ ವೈರಾಗ್ಯದಿಂದ ಲಾಭ ಯಾರಿಗೆ? ದೇಶದಲ್ಲಿ ಕನಿಷ್ಠ ಕೂಲಿಯವನು ಒಂದು ಕೋಣೆಯ ಮನೆಯನ್ನು ಹೊರೆಯಿಲ್ಲದೆ ಬಾಡಿಗೆಗೆ ಹಿಡಿಯಬಲ್ಲ ಜಿಲ್ಲೆಗಳು ಹನ್ನೆರಡರಷ್ಟೇ ಎಂದು ಮುನ್ನುಡಿಯಲ್ಲಿ ಲೆಕ್ಕ ಕೊಟ್ಟ ಲೇಖಕಿ, ಕೂಟದ ಬೆಂಕಿಯ ಬಳಿ ಕುಳಿತಾಗ ಆ ಲೆಕ್ಕವನ್ನು ಮತ್ತೆ ತೆಗೆಯುವುದಿಲ್ಲ. ಆ ಜನರ ಮೇಲಿನ ಪ್ರೀತಿಯೇ ಇಲ್ಲಿ ಅವರ ಪ್ರಶ್ನೆಯನ್ನು ಮೆದುಮಾಡಿದಂತೆ ಕಾಣುತ್ತದೆ. ವೆಲ್ಸರನ್ನು ಇನ್ನೊಂದಿಷ್ಟು ಒತ್ತಿ ಕೇಳಬೇಕಾಗಿದ್ದಿತು.

ಇನ್ನೊಂದು ಕೊರತೆಯನ್ನು ಲೇಖಕಿಯೇ ಎತ್ತಿ ಬೇಗನೆ ಕೆಳಗಿಟ್ಟುಬಿಡುತ್ತಾರೆ. ಕೂಟಕ್ಕೆ ಬಂದವರಲ್ಲಿ ಬಹುತೇಕ ಎಲ್ಲರೂ ಬಿಳಿಯರು. ಕಪ್ಪು ಮೈಬಣ್ಣದವನೊಬ್ಬನು ಅಪರಿಚಿತ ಬೀದಿಯಲ್ಲಿ ಗಾಡಿಯೊಳಗೆ ಮಲಗಿದ್ದಾಗ ಪೋಲೀಸರು ಬಾಗಿಲು ತಟ್ಟಿದರೆ ಆಗುವುದೇನೆಂದು ಅವರು ಕೇಳುತ್ತಾರೆ; ಉತ್ತರವನ್ನು ಅರಸಿ ಹೋಗುವುದಿಲ್ಲ. ನ್ಯೂ ಆರ್ಲಿಯನ್ಸಿನಲ್ಲಿ ಕಪ್ಪು ಮಗುವೊಂದು ಬಿಳಿಯರ ಶಾಲೆಗೆ ಹೋಗುವಾಗ ಹೆಂಗಸರ ಗುಂಪು ಕೂಗಾಡಿದ ನೋಟವನ್ನು ಬರೆದ ಸ್ಟೈನ್‌ಬೆಕ್ಕನು ಇಲ್ಲಿ ಮಾತ್ರ ಅವರಿಗಿಂತ ಧೀರ. ಸಂಸ್ಥೆಗಳ ನೇಮಕದ ವಿಧಾನಗಳನ್ನು ಕುರಿತ ಪುಟಗಳು ಪತ್ರಿಕೆಯ ವರದಿಯ ವಾಸನೆಯನ್ನು ಕಳೆದುಕೊಂಡಿಲ್ಲ. ಒಮ್ಮೆ ಕಾಣಿಸಿ ಮರೆಯಾಗುವ ಹೆಸರುಗಳೂ ವಿಪರೀತ.

ಚಲಚ್ಚಿತ್ರದ ವಿಚಾರ. ಅದರಲ್ಲಿ ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ಅವರುಗಳು ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ. ಕೂಟದ ದೃಶ್ಯಗಳಿಗೆ ಇದರಿಂದ ಬಂದ ಕಳೆ ನಟರಿಂದ ಬರುವಂಥದಲ್ಲ. ಮಗನನ್ನು ಕಳೆದುಕೊಂಡ ವೆಲ್ಸರು, ದಾರಿಯವರಲ್ಲಿ ಕೊನೆಯ ವಿದಾಯವೆಂಬುದಿಲ್ಲ, ಮುಂದೆಲ್ಲಿಯೋ ಮತ್ತೆ ಕಾಣುವುದುಂಟು ಎನ್ನುವ ಭಾಗದಲ್ಲಿ ಎದುರಿಗೆ ಕುಳಿತ ಮಹಾನಟಿಯೂ ಕೇಳುವವಳು ಮಾತ್ರವಾಗುತ್ತಾಳೆ. ಆದರೆ ಕಥೆಯ ನಡುವೆ ನಿಂತವಳು ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ನಟಿಸಿದ ಫರ್ನ್ ಎಂಬ ಕಲ್ಪಿತ ವಿಧವೆ. ಜಿಪ್ಸಮ್ ಕಾರ್ಖಾನೆ 2011ರಲ್ಲಿ ಮುಚ್ಚಿ ಊರಿಗೆ ಊರೇ ಬರಿದಾದ ನೆವಾಡಾದ ಎಂಪೈರ್ ಅವಳ ಊರು. ಊರು ಬರಿದಾದದ್ದು ನಿಜವಾದ ಸಂಗತಿ, ಗ್ರಂಥದಲ್ಲಿಯೂ ಇದೆ. ಅವಳಿಗೆ ಸೋದರಿಯ ಮನೆಯ ಬಾಗಿಲು ತೆರೆದಿದೆ. ಸ್ನೇಹಿತನ ಮಗನ ಮನೆಯ ಬಾಗಿಲೂ ತೆರೆದಿದೆ. ಎರಡನ್ನೂ ಬಿಟ್ಟು ಅವಳು ರಾತ್ರಿ ತನ್ನ ಗಾಡಿಗೆ ಹಿಂದಿರುಗುತ್ತಾಳೆ. ಅವಳನ್ನು ದಾರಿಯಲ್ಲಿಟ್ಟಿರುವುದು ಗಂಡನ ನೆನಪು. ಶೋಕವನ್ನು ಝಾವೊ ಅವರು ಬಹು ಸೂಕ್ಷ್ಮವಾಗಿ ಚಿತ್ರಿಸಿರುವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶೋಕವು ಹೃದಯದ ವಿಷಯ, ಅದಕ್ಕೆ ಯಾರೂ ಹೊಣೆಯಲ್ಲ. ಲಿಂಡಾಳನ್ನು ದಾರಿಗೆ ಹಾಕಿದ್ದು 500 ಡಾಲರು. ಚಿತ್ರದ ಉಗ್ರಾಣದಲ್ಲಿ ಕೆಲಸ ಶಾಂತವಾಗಿ ಸಾಗುತ್ತದೆ. ಗೋಡೆಯ ಮಾತ್ರೆಯ ಪೆಟ್ಟಿಗೆಗೆ ಅಲ್ಲಿ ಜಾಗ ದೊರೆಯಲಿಲ್ಲ. ಮಂತ್ರಮುಗ್ಧಗೊಳಿಸುವ ಸಂಧ್ಯಾಕಾಶಗಳ ಕೆಳಗೆ ನೋಡುಗನು ಕೂಲಿಯ ಲೆಕ್ಕವನ್ನು ಮರೆತು ಹೊರಬರುತ್ತಾನೆ.

ಗ್ರಂಥದ ಕೊನೆಯಲ್ಲಿ ಲಿಂಡಾ ಮೆಕ್ಸಿಕೋದ ಗಡಿಯ ಬಳಿ, ಡಗ್ಲಸ್ ಎಂಬ ಊರಿನ ಸಮೀಪದ ಮರುಭೂಮಿಯಲ್ಲಿ ಐದು ಎಕರೆ ನೆಲವನ್ನು ಅಗ್ಗದಲ್ಲಿ ಕೊಳ್ಳುತ್ತಾಳೆ. ಹಳೆಯ ಟೈರುಗಳಲ್ಲಿ ಮಣ್ಣು ತುಂಬಿ, ಸೀಸೆಗಳನ್ನು ಗೋಡೆಗೆ ಹುದುಗಿಸಿ, ಮಳೆಯ ನೀರನ್ನೂ ಬಿಸಿಲಿನ ಶಾಖವನ್ನೂ ತಾನೇ ಹಿಡಿದಿಟ್ಟುಕೊಳ್ಳುವಂಥ ಮನೆಯೊಂದನ್ನು ಕಟ್ಟಬೇಕೆಂಬುದು ಆಕೆಯ ಬಹುಕಾಲದ ಆಸೆ. ನ್ಯೂ ಮೆಕ್ಸಿಕೋದಲ್ಲಿ ಮೈಕೆಲ್ ರೆನಾಲ್ಡ್ಸ್ ಎಂಬ ಶಿಲ್ಪಿಯು ರೂಪಿಸಿದ ಮಾದರಿ ಅದು. ಬಿಡಾರವನ್ನು ಹಾಡಿಹೊಗಳಿದ ಕೂಟದ ಅತ್ಯಂತ ಪ್ರೀತಿಪಾತ್ರಳಾದ ವ್ಯಕ್ತಿಯ ಕನಸೂ ನೆಲಕ್ಕೆ ಬೇರು ಬಿಟ್ಟ ಮನೆಯೇ ಆಗಿರುವುದನ್ನು ಲೇಖಕಿ ಟೀಕೆಯಿಲ್ಲದೆ ಬರೆದಿಡುತ್ತಾರೆ. ಅನಂತರ ಬರುವ ಉಪಸಂಹಾರದಲ್ಲಿ ತೆಂಗಿನ ಚಿಪ್ಪನ್ನು ಹೊತ್ತುಕೊಂಡು ಸಮುದ್ರದ ತಳದಲ್ಲಿ ನಡೆದು, ಬೇಕಾದೆಡೆ ಅದರೊಳಗೆ ಮುದುಡಿ ಕೂರುವ ಅಷ್ಟಪದಿಯೊಂದರ ಪ್ರಸ್ತಾಪವಿದೆ. ಉಪಮಾನ ಚೆನ್ನಾಗಿದೆ, ಲಿಂಡಾಳ ಐದು ಎಕರೆಯ ಬಳಿಕ ಅದು ಬೇಕಿರಲಿಲ್ಲ. ಅಷ್ಟು ಹೊತ್ತಿಗೆ ಬ್ರೂಡರ್ ಅವರೂ ಬ್ರೂಕ್ಲಿನ್ನಿನ ತಮ್ಮ ಮನೆಗೆ ಹಿಂದಿರುಗಿದ್ದಾರೆ. ಹಿಂದೆ ಕಣ್ಣಿಗೇ ಬೀಳದಿದ್ದ ಗಾಡಿಗಳು, ಪರದೆ ಎಳೆದ ಕಿಟಕಿಗಳು, ಒಳಗೆ ಯಾರೋ ಮಲಗಿರುವ ಗುರುತುಗಳು ಈಗ ಅವರ ಮನೆಯ ಆಸುಪಾಸಿನ ಬೀದಿಗಳಲ್ಲಿಯೇ ಅವರಿಗೆ ಕಾಣತೊಡಗುತ್ತವೆ.